ಸಿಸ್ಟರ್, ಒಂದು ಪ್ರಶ್ನೆ: ಆಸ್ಪತ್ರೆಯಲ್ಲಿ ಅಂಟುವ ನಂಜು

ಕಳೆದ ತಿಂಗಳು ಈ ಅಂಕಣದಲ್ಲಿ ಹೊಲಿಗೆ ಹಾಕಿದ ಗಾಯ ಕೀವಾಗುವ ಬಗ್ಗೆ ಒಂದು ಪುಟ್ಟ ಪ್ರಶ್ನೆಗೆ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ವಿಷಯದವು. ಒಂದು ಕಾಯಿಲೆ ವಾಸಿಯಾಗಲಿ ಎಂದು ಆಸ್ಪತ್ರೆ ಸೇರಿದೆವು, ಇನ್ನೊಂದನ್ನು ಹೊತ್ತುಕೊಂಡು ಮನೆಗೆ ಬಂದೆವು ಎನ್ನುವ ನೋವು ಎಲ್ಲದರಲ್ಲೂ ಇತ್ತು. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಡುತ್ತಿದ್ದೇನೆ. ನಾನು 33 ವರ್ಷ ನರ್ಸ್ ಆಗಿದ್ದೆ. ಕೊನೆಯ 14 ವರ್ಷ ನನ್ನ ಕೆಲಸ ಇದೊಂದೇ ಆಗಿತ್ತು. ವಾರ್ಡಿನಿಂದ ವಾರ್ಡಿಗೆ ಸುತ್ತುವುದು, ಸೋಂಕು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಹೋಯಿತು ಎಂದು ಹುಡುಕುವುದು, ಆ ದಾರಿ ಮುಚ್ಚುವುದು.

ನಾನು ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಕಸ ಎತ್ತುವ ಕೆಲಸ ಮಾಡುತ್ತೇನೆ. ನಿನ್ನೆ ಸಂಜೆ ಚೀಲ ಎತ್ತುವಾಗ ಒಳಗಿದ್ದ ಸೂಜಿ ತೊಡೆಗೆ ಚುಚ್ಚಿತು. ರಕ್ತ ಬಂತು. ‘ಸ್ಪಿರಿಟ್ ಹಚ್ಚಿಕೋ, ಯಾರಿಗೂ ಹೇಳಬೇಡ’ ಅಂದರು ಸೂಪರ್‌ವೈಸರ್. ಇಬ್ಬರು ಮಕ್ಕಳಿದ್ದಾರೆ. ತುಂಬಾ ಭಯ ಆಗಿದೆ.
— ಹೆಸರು ಬೇಡ, ಕಲಬುರಗಿ ಕಡೆಯವರು

ಈ ಸಂದೇಶ ಪತ್ರಿಕೆಯ ವಾಟ್ಸಾಪ್‌ಗೆ ಬಂತು. ಸಂಪಾದಕರು ಕೂಡಲೇ ನನಗೆ ಕಳಿಸಿದರು. ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲ. ಅದಕ್ಕೇ ಫೋನ್ ಮಾಡಿ ಮಾತಾಡಿದೆ. ಈ ತಂಗಿ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋದರು, ಮಾತ್ರೆ ಶುರುವಾಯಿತು. ಇದೇ ಕೆಲಸ ಮಾಡುವ ಸಾವಿರಾರು ಜನರಿಗೆ ಬೇಕಾದ ಮಾತು ಎಂದು ಇಲ್ಲೂ ಬರೆಯುತ್ತಿದ್ದೇನೆ.

ಸೂಜಿ ಚುಚ್ಚಿದರೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ. ಬಾಯಿಗಿಟ್ಟು ಚೀಪಬೇಡಿ. ಸ್ಪಿರಿಟ್, ಬ್ಲೀಚ್ ಹಾಕಿ ಉಜ್ಜಬೇಡಿ, ಚರ್ಮ ಇನ್ನಷ್ಟು ಹಾಳಾಗುತ್ತದೆ. ರಕ್ತ ಕಣ್ಣಿಗೆ ಸಿಡಿದರೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ. ಆಮೇಲೆ ನೇರ ತುರ್ತು ವಿಭಾಗಕ್ಕೆ ಹೋಗಿ, ‘ನನಗೆ ಸೂಜಿ ಚುಚ್ಚಿದೆ, ಪಿಇಪಿ ಬೇಕಾ ನೋಡಿ’ ಎಂದು ಕೇಳಿ. ಎಚ್‌ಐವಿ ತಡೆಯುವ ಮಾತ್ರೆಗೆ ಆ ಹೆಸರು. 2 ಗಂಟೆಯೊಳಗೆ ಶುರು ಮಾಡಿದರೆ ಬಹಳ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೇಕೆಂದು ಡಾಕ್ಟರ್ ಹೇಳಿದರೆ 28 ದಿನ ಒಂದೂ ತಪ್ಪದೆ ತಗೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಮಾಹಿತಿಗೆ 1097 ಸಂಖ್ಯೆಗೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಭಯದ ಬಗ್ಗೆಯೂ ಹೇಳಬೇಕು. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೂ ಸೋಂಕು ಹತ್ತುವುದು 1000ದಲ್ಲಿ ಸುಮಾರು 3 ಜನರಿಗೆ. ಹೆಪಟೈಟಿಸ್ ಸಿ 100ಕ್ಕೆ 2ಕ್ಕಿಂತ ಕಡಿಮೆ. ಆದರೆ ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ 100ಕ್ಕೆ 30ರವರೆಗೂ ಹತ್ತಬಹುದು. ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ, ಈ ಬಿ ಯನ್ನು ಮರೆಯುತ್ತಾರೆ. ಇದಕ್ಕೆ ಒಳ್ಳೆಯ ಲಸಿಕೆ ಇದೆ. ಮೂರು ಸಲ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಈ ತಂಗಿ ಮೂರು ವರ್ಷದಿಂದ ಕೆಲಸದಲ್ಲಿದ್ದಾರೆ. ಒಂದು ಡೋಸ್ ಕೂಡ ಸಿಕ್ಕಿರಲಿಲ್ಲ. ಅದನ್ನು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳನ್ನು ನೀವು ಓದಬೇಕಾಗಿಲ್ಲ, ಅದರಲ್ಲಿ ನಿಮ್ಮ ಪಾಲಿಗಿರುವುದು ಇಷ್ಟು. ಈ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಆಸ್ಪತ್ರೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ತರಬೇತಿ, ಗ್ಲೌಸ್, ಬೂಟು ಕೊಡಬೇಕು. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ಅವಘಡ ಆದರೆ ಬರೆದಿಡಬೇಕು. ಗುತ್ತಿಗೆಯವರು, ಕಾಯಂನವರು ಎಂಬ ಭೇದ ಇಲ್ಲ.

ಇನ್ನು, ಆ ಸೂಜಿ ಚೀಲದಲ್ಲಿ ಇರಲೇಬಾರದಿತ್ತು. ಸೂಜಿ, ಬ್ಲೇಡು ಹೋಗಬೇಕಾದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ. ರಕ್ತ ತಾಗಿದ ಹತ್ತಿ, ಬ್ಯಾಂಡೇಜು ಹಳದಿಗೆ. ಗ್ಲೂಕೋಸ್ ಪೈಪು, ಗ್ಲೌಸ್‌ನಂಥ ಪ್ಲಾಸ್ಟಿಕ್ ಕೆಂಪಿಗೆ. ಗಾಜು ನೀಲಿಗೆ. ಚೀಲ ಮುಕ್ಕಾಲು ತುಂಬಿದೊಡನೆ ಕಟ್ಟಬೇಕು. ಕತ್ತಿನ ಹತ್ತಿರ ಹಿಡಿದು ಮೈಯಿಂದ ದೂರ ಇಟ್ಟುಕೊಂಡು ಎತ್ತಬೇಕು. ಸೂಜಿಯನ್ನು ಚೀಲಕ್ಕೆ ಎಸೆದವರು ಕಸ ಎತ್ತುವವರಲ್ಲ. ಓದಿದವರು, ನಮ್ಮಂಥವರು. ನನ್ನ ಜೊತೆ ಕೆಲಸ ಮಾಡಿದ ನರ್ಸ್‌ಗಳೇ, ಡಾಕ್ಟರುಗಳೇ, ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಬಿಳಿ ಡಬ್ಬವನ್ನು ಇಂಜೆಕ್ಷನ್ ಟ್ರೇ ಜೊತೆಯಲ್ಲೇ ಮಂಚದ ಹತ್ತಿರ ಒಯ್ಯಿರಿ. ಹತ್ತು ಹೆಜ್ಜೆ ದೂರ ಇದ್ದರೂ ಕೈ ಸೋಮಾರಿಯಾಗುತ್ತದೆ.

ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಮನೆಗೆ ಬಂದು ಒಂಬತ್ತನೇ ದಿನಕ್ಕೆ ಗಾಯದಲ್ಲಿ ಕೀವು. ಆಸ್ಪತ್ರೆಯವರು ‘ನಿಮ್ಮಪ್ಪನಿಗೆ ಶುಗರ್ ಇದೆ, ಅದಕ್ಕೇ’ ಅಂತಾರೆ. ನಾವು ಅವರ ಮೇಲೆ ಹೇಳುತ್ತೇವೆ. ತಪ್ಪು ಯಾರದು?
— ಓದುಗರು, ರಾಣೆಬೆನ್ನೂರು

ಇಲ್ಲಿ ಕೂತು ತೀರ್ಪು ಕೊಡಲು ನನಗಾಗದು. ಆದರೆ ಕೀವು ಬರುವ ದಾರಿಗಳನ್ನು ಹೇಳಬಲ್ಲೆ.

ಗಾಯದ ನಂಜಿಗೆ ಕಾರಣವಾಗುವ ಕ್ರಿಮಿ ಎಷ್ಟೋ ಸಲ ರೋಗಿಯ ಮೈಮೇಲೇ ಇರುತ್ತದೆ. ಸ್ಟ್ಯಾಫಿಲೊಕಾಕಸ್ ಎನ್ನುವುದು 10 ಜನರಲ್ಲಿ ಸುಮಾರು 3 ಜನರ ಮೂಗಿನೊಳಗೆ ಆರಾಮಾಗಿ ಇರುತ್ತದೆ, ಏನೂ ಮಾಡುವುದಿಲ್ಲ. ಚರ್ಮ ಕತ್ತರಿಸಿದಾಗ ಅದಕ್ಕೆ ಬಾಗಿಲು ತೆರೆದ ಹಾಗೆ. ಸಕ್ಕರೆ ಏರಿದ್ದರೆ ಮೈ ಅದರ ಜೊತೆ ಸರಿಯಾಗಿ ಹೋರಾಡುವುದಿಲ್ಲ. ಬೀಡಿ ಸೇದುವವರಲ್ಲೂ ಗಾಯ ಬೇಗ ಕೂಡುವುದಿಲ್ಲ. ಹಾಗಾಗಿ ಆಸ್ಪತ್ರೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಶುಗರ್ ಇದೆ ಎಂದು ಆಪರೇಷನ್‌ಗೆ ಮೊದಲೇ ಗೊತ್ತಿತ್ತು ಅಲ್ವಾ? ತುರ್ತಿಲ್ಲದ ಹರ್ನಿಯಾ ಆಗಿದ್ದರೆ ಸಕ್ಕರೆ ಹತೋಟಿಗೆ ಬರಲು ಕೆಲವು ವಾರ ಕಾಯಬಹುದಿತ್ತು. ಆ ಮಾತು ನಡೆಯಿತಾ ಎಂದು ನೀವು ಕೇಳಬಹುದು. ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ದಾರಿ ನಮ್ಮ ಊರುಗಳಲ್ಲಿ ತುಂಬಾ ನೋಡಿದ್ದೇನೆ. ಆಪರೇಷನ್ ಹಿಂದಿನ ದಿನ ರೇಜರ್‌ನಲ್ಲಿ ಹೊಟ್ಟೆಯ ಕೂದಲು ಬೋಳಿಸಿಕೊಂಡು ಬರುವುದು. ಮನೆಯಲ್ಲಿ ಇಲ್ಲವೇ ಕ್ಷೌರದಂಗಡಿಯಲ್ಲಿ. ‘ಸ್ವಚ್ಛ ಮಾಡಿಕೊಂಡು ಬಂದೀವ್ರಿ’ ಎಂದು ಹೆಮ್ಮೆಯಿಂದ ಹೇಳುತ್ತಾರೆ ಪಾಪ. ರೇಜರ್ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗೀರು ಮಾಡುತ್ತದೆ. ರಾತ್ರಿಯೆಲ್ಲ ಆ ಗೀರಿನಲ್ಲಿ ಕ್ರಿಮಿ ಬೆಳೆಯುತ್ತದೆ. ಕೂದಲು ತೆಗೆಯಲೇಬೇಕು ಎಂದರೆ ಆಸ್ಪತ್ರೆಯಲ್ಲೇ, ಕ್ಲಿಪ್ಪರ್‌ನಿಂದ. ನೀವು ಮನೆಯಲ್ಲಿ ಮಾಡಬೇಕಾದ್ದು ಸೋಪು ಹಚ್ಚಿ ಚೆನ್ನಾಗಿ ಸ್ನಾನ, ಅಷ್ಟೇ.

ಆಂಟಿಬಯೋಟಿಕ್ ವಿಷಯದಲ್ಲೂ ಜನರಲ್ಲಿ ಒಂದು ತಪ್ಪು ನಂಬಿಕೆ ಇದೆ. ಆಪರೇಷನ್ ಆದ ಮೇಲೆ ಎಷ್ಟು ದಿನ ಕೊಟ್ಟರೆ ಅಷ್ಟು ಒಳ್ಳೆಯದು ಅಂದುಕೊಳ್ಳುತ್ತಾರೆ. ನಿಜವಾಗಿ ಕೆಲಸ ಮಾಡುವುದು ಚಾಕು ಇಡುವ ಮೊದಲು, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೊಡುವ ಡೋಸ್. ಆ ಹೊತ್ತಿಗೆ ಔಷಧಿ ರಕ್ತದಲ್ಲಿ ಇರಬೇಕು. ಸುಮ್ನೆ ಐದು ದಿನ, ಏಳು ದಿನ ಎಳೆದರೆ ಔಷಧಿಗೆ ಬಗ್ಗದ ಕ್ರಿಮಿಗಳನ್ನು ಸಾಕಿದಂತೆ.

ಆಸ್ಪತ್ರೆಯ ಕಡೆಯಿಂದ ಬರುವ ದಾರಿಗಳು ಎಂದರೆ ಕೈ, ಉಪಕರಣ, ಥಿಯೇಟರಿನ ಗಾಳಿ. ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ ಒತ್ತಡದ ಉಗಿಯಲ್ಲಿ ಬೇಯಿಸುತ್ತಾರೆ. 121 ಡಿಗ್ರಿಯಾದರೆ 15ರಿಂದ 20 ನಿಮಿಷ, 134 ಡಿಗ್ರಿಯಾದರೆ ಮೂರು ನಾಲ್ಕು ನಿಮಿಷ. ಉಪಕರಣಗಳ ಗಂಟಿನ ಮೇಲೆ ಅಂಟಿಸಿದ ಟೇಪಿನ ಗೆರೆ ಕಪ್ಪಾಗುತ್ತದೆ. ಆದರೆ ಕಪ್ಪು ಗೆರೆ ಹೇಳುವುದು ಗಂಟು ಬಿಸಿಯಾಯಿತು ಎಂದು ಮಾತ್ರ. ಒಳಗಿನ ಕ್ರಿಮಿ ಸತ್ತಿತಾ ಎಂದು ತಿಳಿಯಲು ಬಿಸಿಗೆ ಜಗ್ಗದ ಒಂದು ಬಗೆಯ ಬೀಜಾಣುವನ್ನು ಒಳಗಿಟ್ಟು ಪರೀಕ್ಷೆ ಮಾಡಬೇಕು, ವಾರಕ್ಕೊಮ್ಮೆಯಾದರೂ. ಇದನ್ನು ಮಾಡುತ್ತೀರಾ ಎಂದು ದೊಡ್ಡ ಆಪರೇಷನ್‌ಗೆ ಮೊದಲು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಈಗ ಅಪ್ಪನಿಗೆ ಏನು ಮಾಡಬೇಕು? ಅರಿಶಿನ, ಬೂದಿ, ಪೌಡರ್ ಏನೂ ಹಾಕಬೇಡಿ. ಅದೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಹೊಸ ಆಂಟಿಬಯೋಟಿಕ್ ಶುರು ಮಾಡುವ ಮೊದಲು ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ ಎಂದು ಹೇಳಿ. ಯಾವ ಕ್ರಿಮಿ, ಯಾವ ಔಷಧಿಗೆ ಸಾಯುತ್ತದೆ ಎಂದು ಅದರಿಂದಲೇ ಗೊತ್ತಾಗುವುದು. ಹರ್ನಿಯಾದಲ್ಲಿ ಒಳಗೆ ಜಾಲರಿ ಇಟ್ಟಿದ್ದರೆ 30 ದಿನ ಕಳೆಯಿತು ಎಂದು ಮೈಮರೆಯಬೇಡಿ. ಮೂರು ತಿಂಗಳವರೆಗೂ ಗಮನವಿರಲಿ.

ಇಂಥದ್ದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಆಸ್ಪತ್ರೆ ಸೇರಿದ 100 ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಜನರಿಗೆ, ನಮ್ಮಂಥ ದೇಶಗಳಲ್ಲಿ 15 ಜನರಿಗೆ ಇಂಥ ಸೋಂಕು ತಗಲುತ್ತದೆ. ಆ 7ಕ್ಕೂ 15ಕ್ಕೂ ನಡುವಿನ 8 ಜನರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಅವರಿಗೆ ಸೋಂಕು ತಗಲಬೇಕಾಗಿರಲಿಲ್ಲ.

ಅಮ್ಮ ಐಸಿಯುನಲ್ಲಿ ಇದ್ದರು. ಪಕ್ಕದ ಬೆಡ್ ನೋಡಿದ ಡಾಕ್ಟರ್ ಕೈ ತೊಳೆಯದೆ ಹಾಗೇ ಬಂದು ಅಮ್ಮನ ಪೈಪ್ ಮುಟ್ಟಿದ್ದನ್ನು ಎರಡು ಸಲ ನೋಡಿದೆ. ಹೇಳಲು ಧೈರ್ಯ ಬರಲಿಲ್ಲ. ಹೇಳಿದರೆ ಅಮ್ಮನನ್ನು ಸರಿಯಾಗಿ ನೋಡದೇ ಹೋದರೆ ಎಂದು ಹೆದರಿಕೆ. ಹೇಗೆ ಕೇಳಬೇಕು?
— ಓದುಗರು, ಹಾಸನ

ಈ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ಕೇಳಬೇಕು.

1847ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡ್‌ಗಳಿದ್ದವು. ಒಂದರಲ್ಲಿ ಸೂಲಗಿತ್ತಿಯರು, ಇನ್ನೊಂದರಲ್ಲಿ ಡಾಕ್ಟರು ಮತ್ತು ವೈದ್ಯ ವಿದ್ಯಾರ್ಥಿಗಳು. ಬಾಣಂತಿ ನಂಜಿಗೆ ಸಾಯುವವರು ಡಾಕ್ಟರುಗಳ ವಾರ್ಡಿನಲ್ಲೇ ಜಾಸ್ತಿ. ‘ನನ್ನನ್ನು ಆ ವಾರ್ಡಿಗೆ ಹಾಕಬೇಡಿ’ ಎಂದು ಬಸುರಿಯರು ಬೇಡಿಕೊಳ್ಳುತ್ತಿದ್ದರು. ಅಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಇದ್ದರು. ಅವರ ಸ್ನೇಹಿತನಿಗೆ ಶವಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಯ ಚಾಕು ಬೆರಳಿಗೆ ತಗುಲಿತು. ಆತ ಸತ್ತಾಗ ಬಾಣಂತಿ ನಂಜಿನ ಲಕ್ಷಣಗಳೇ ಕಂಡವು. ಸೆಮ್ಮೆಲ್‌ವೈಸ್‌ಗೆ ಆಗ ಹೊಳೆಯಿತು. ಶವ ಕುಯ್ದ ಕೈಯಲ್ಲೇ ನಾವು ಹೆರಿಗೆ ಮಾಡಿಸುತ್ತಿದ್ದೇವೆ. ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಎಂದರು. ಏಪ್ರಿಲ್‌ನಲ್ಲಿ 100ಕ್ಕೆ 18 ತಾಯಂದಿರು ಸತ್ತಿದ್ದ ವಾರ್ಡಿನಲ್ಲಿ ಜೂನ್‌ನಲ್ಲಿ ಸತ್ತವರು 100ಕ್ಕೆ ಸುಮಾರು 2. ಇಷ್ಟಾದರೂ ಜೊತೆಗಿನ ಎಷ್ಟೋ ಡಾಕ್ಟರುಗಳು ಒಪ್ಪಲಿಲ್ಲ. ನಮ್ಮ ಕೈ ಕೊಳಕು ಅಂತೀಯಾ ಎಂಬ ಕೋಪ. ಆ ಕೋಪ ಇವತ್ತಿಗೂ ಪೂರ್ತಿ ಹೋಗಿಲ್ಲ. ನೀವು ಹೆದರಿದ್ದು ಅದಕ್ಕೇ.

ನನ್ನದೇ ಒಂದು ಅನುಭವ. ಕೆಲಸಕ್ಕೆ ಸೇರಿ ಎರಡನೇ ವರ್ಷ, ರಾತ್ರಿ ಪಾಳಿ. 40 ಮಂಚದ ವಾರ್ಡಿಗೆ ಇಬ್ಬರೇ ನರ್ಸ್. ಒಬ್ಬರ ಡ್ರೆಸಿಂಗ್ ಮುಗಿಸಿ ಪಕ್ಕದ ಮಂಚದ ಅಜ್ಜಿಯ ಗ್ಲೂಕೋಸ್ ಸೂಜಿ ಸರಿಪಡಿಸಲು ಹೋದೆ. ಹೊಲದಲ್ಲಿ ದುಡಿದು ಒರಟಾದ ತಮ್ಮ ಕೈಯನ್ನು ಆ ಅಜ್ಜಿ ಹಿಂದಕ್ಕೆ ಎಳೆದುಕೊಂಡರು. ‘ಯವ್ವಾ, ಆ ಮಂಚದಾಕಿನ್ನ ಮುಟ್ಟಿದ ಕೈಲೇ ನನ್ನ ಮುಟ್ಟತೀಯೇನ?’ ಎಂದರು. ಸಿಟ್ಟು ಬಂತು ನನಗೆ. ಮುಖ ಬಿಸಿಯಾಯಿತು. ಆದರೆ ಅವರು ಹೇಳಿದ್ದು ಸರಿ ಇತ್ತು. ಹೋಗಿ ಕೈ ತೊಳೆದು ಬಂದೆ. ‘ಈಗ ಹಿಡಿ’ ಎಂದು ಕೈ ಚಾಚಿದರು. ಆಮೇಲೆ ಅವರನ್ನು ನಾನು ಒಂದಿಷ್ಟೂ ಕಡಿಮೆ ನೋಡಿಕೊಳ್ಳಲಿಲ್ಲ. ಬೇರೆಯವರಿಗಿಂತ ಎರಡು ಸಲ ಜಾಸ್ತಿಯೇ ಹೋಗಿ ಮಾತಾಡಿಸಿದೆ.

ಹಾಗಾಗಿ ಹೀಗೆ ಮಾಡಿ. ಐಸಿಯು ಮಂಚದ ಕಾಲ ಬಳಿ ಸ್ಯಾನಿಟೈಸರ್ ಬಾಟಲಿ ಇರುತ್ತದೆ. ಡಾಕ್ಟರ್ ಬರುವಾಗ ಮೊದಲು ನೀವೇ ಒತ್ತಿ ಕೈ ಉಜ್ಜಿಕೊಳ್ಳಿ. ಆಮೇಲೆ ಬಾಟಲಿಯನ್ನು ಅವರ ಕಡೆ ಹಿಡಿದು, ‘ಅಮ್ಮನಿಗೆ ಬೇಗ ನಂಜಾಗುತ್ತೆ ಅಂತ ಭಯ ಡಾಕ್ಟ್ರೇ’ ಅನ್ನಿ. ಅಷ್ಟು ಸಾಕು. ಹೆಚ್ಚಿನವರು ಕೈ ಚಾಚುತ್ತಾರೆ. ಬಾಯಿ ಬಾರದಿದ್ದರೆ ವಾರ್ಡಿನ ಹಿರಿಯ ಸಿಸ್ಟರ್‌ಗೆ ಹೇಳಿ, ಅಥವಾ ಸೋಂಕು ನಿಯಂತ್ರಣದ ನರ್ಸ್ ಯಾರು ಎಂದು ವಿಚಾರಿಸಿ. ನನ್ನ ಹತ್ತಿರ ಹೀಗೆ ಬಂದು ಹೇಳಿದವರ ಹೆಸರನ್ನು ನಾನು ಯಾವ ಡಾಕ್ಟರಿಗೂ ಹೇಳಿದವಳಲ್ಲ.

ಕೈ ಯಾವಾಗ ತೊಳೆಯಬೇಕು ಎಂಬುದಕ್ಕೆ ಐದು ಹೊತ್ತು ಅಂತ ಇದೆ. ರೋಗಿಯನ್ನು ಮುಟ್ಟುವ ಮೊದಲು. ಪೈಪು, ಸೂಜಿ, ಗಾಯದ ಕೆಲಸಕ್ಕೆ ಮೊದಲು. ರಕ್ತ, ಮೂತ್ರ ತಾಗಿದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ಮತ್ತೆ ಎಲ್ಲರೂ ಮರೆಯುವ ಐದನೆಯದು: ರೋಗಿಯನ್ನು ಮುಟ್ಟದೆ ಬರೀ ಮಂಚದ ಕಂಬಿ, ಹೊದಿಕೆ, ಟೇಬಲ್ ಮುಟ್ಟಿದ ಮೇಲೂ. ಯಾಕೆಂದರೆ ಅಸಿನೆಟೋಬ್ಯಾಕ್ಟರ್‌ನಂಥ ಕ್ರಿಮಿ ಒಣಗಿದ ಕಂಬಿಯ ಮೇಲೂ ವಾರಗಟ್ಟಲೆ ಬದುಕುತ್ತದೆ. ಐಸಿಯುನಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಅದಕ್ಕೇ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್ ಉಜ್ಜಬೇಕು, ಸೋಪು ನೀರಾದರೆ 40ರಿಂದ 60. ಕೈ ಕೊಳೆಯಾಗಿದ್ದರೆ, ರೋಗಿಗೆ ಭೇದಿ ಇದ್ದರೆ, ಸೋಪು ನೀರೇ ಆಗಬೇಕು. ಭೇದಿ ತರುವ ಕೆಲವು ಕ್ರಿಮಿಗಳ ಬೀಜಾಣು ಸ್ಯಾನಿಟೈಸರಿಗೆ ಸಾಯುವುದಿಲ್ಲ.

ನಮ್ಮ ಚಿಕ್ಕಪ್ಪನಿಗೆ ಮಂಗನ ಕಾಯಿಲೆ. ಆಸ್ಪತ್ರೆಯಲ್ಲಿ ಜೊತೆಗೆ ಇರಲು ಮನೆಯವರೆಲ್ಲ ಹೆದರುತ್ತಿದ್ದಾರೆ. ನಮಗೂ ಬರುತ್ತದಾ?
— ಓದುಗರು, ತೀರ್ಥಹಳ್ಳಿ

ಬರುವುದಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. 1957ರಲ್ಲಿ ನಿಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಇದನ್ನು ಮೊದಲು ಗುರುತಿಸಿದ್ದು. ರಕ್ತದ ಮಾದರಿ ಮುಟ್ಟುವ ಲ್ಯಾಬಿನವರು ಮಾತ್ರ ಹುಷಾರಾಗಿರಬೇಕು. ಚಿಕ್ಕಪ್ಪನ ಹತ್ತಿರ ಹೋಗಿ ಕೂತುಕೊಳ್ಳಿ, ನೀರು ಕುಡಿಸಿ. ಈ ಜ್ವರದಲ್ಲಿ ಮೈಕೈ ನೋವು ವಿಪರೀತ, ಒಬ್ಬರೇ ಇರುವುದು ಬಲು ಕಷ್ಟ.

ನಾನು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಗ್ಲೌಸ್ ಹಾಕಿಕೊಂಡರೆ ಕೈ ತೊಳೆಯಲೇಬೇಕಾ? ವಾರ್ಡಿನಲ್ಲಿ ಸೀನಿಯರ್‌ಗಳು ಒಂದೇ ಗ್ಲೌಸ್‌ನಲ್ಲಿ ನಾಲ್ಕು ಬೆಡ್ ಮುಗಿಸುತ್ತಾರೆ.
— ಮಂಗಳೂರು

ತೊಳೆಯಲೇಬೇಕು ಮಗಳೇ. ಹಾಕುವ ಮೊದಲೂ, ತೆಗೆದ ಮೇಲೂ. ಗ್ಲೌಸ್‌ನಲ್ಲಿ ಕಾಣದ ತೂತುಗಳಿರುತ್ತವೆ, ತೆಗೆಯುವಾಗಲೂ ಕೈಗೆ ಅಂಟುತ್ತದೆ. ಒಂದೇ ಗ್ಲೌಸ್‌ನಲ್ಲಿ ನಾಲ್ಕು ಬೆಡ್ ಮುಗಿಸುವುದೆಂದರೆ ನಿನ್ನನ್ನು ಕಾಪಾಡಿಕೊಂಡು ರೋಗಿಗಳಿಗೆ ಹಂಚಿದಂತೆ. ಬಳೆ, ಉಂಗುರ, ವಾಚು ಪಾಳಿ ಮುಗಿಯುವವರೆಗೆ ಪರ್ಸ್‌ನಲ್ಲಿರಲಿ. ಮದುವೆಯಾದ ಹೊಸದರಲ್ಲಿ ಬಳೆ ತೆಗೆಯಲು ನನಗೂ ಮನಸ್ಸಾಗಿರಲಿಲ್ಲ. ಅತ್ತೆಯವರಿಗೆ ಕಾರಣ ಹೇಳಿದೆ. ‘ಮಕ್ಕಳಿಗೆ ಒಳ್ಳೇದಾಗುತ್ತೆ ಅಂದ್ರೆ ತೆಗೆದಿಡು’ ಎಂದರು.

ನೀನು ಇರುವುದು ಮಂಗಳೂರಿನಲ್ಲಿ, ಗಡಿ ಹತ್ತಿರ. ನಿನ್ನ ತರಗತಿಯಲ್ಲೂ ಕೇರಳದ ಹುಡುಗಿಯರು ಇದ್ದಾರು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಅವರ ಬಗ್ಗೆ ಅವರನ್ನು ಕೇಳು. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್ ಕಡೆ ನಿಪಾ ಬಂದಾಗ ರೋಗಿಯ ಆರೈಕೆ ಮಾಡುತ್ತಾ ಅದೇ ಸೋಂಕು ತಗುಲಿ ತೀರಿಕೊಂಡರು. ಎರಡು ಪುಟ್ಟ ಮಕ್ಕಳ ತಾಯಿ. ಅವರು ಆ ರೋಗಿಯ ಪಕ್ಕ ಇದ್ದಾಗ ಅದು ಯಾವ ಜ್ವರ ಎಂದೇ ಯಾರಿಗೂ ಗೊತ್ತಿರಲಿಲ್ಲ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲೂ ಹೀಗೇ ಆಗಿತ್ತು. 66 ಜನರಿಗೆ ಕಾಯಿಲೆ, 45 ಸಾವು. ಮುಕ್ಕಾಲು ಪಾಲು ಜನರಿಗೆ ಆಸ್ಪತ್ರೆಯ ನಂಟಿನಿಂದಲೇ ಬಂದಿತ್ತು. ಹೆಸರು ಗೊತ್ತಾದ ಮೇಲೆ ಹುಷಾರಾಗುತ್ತೇನೆ ಎಂದರೆ ತಡವಾಗಿಬಿಡುತ್ತದೆ. ಅದಕ್ಕೇ ಪ್ರತಿ ರೋಗಿಯ ರಕ್ತ, ಕಫ, ವಾಂತಿಯನ್ನೂ ಸೋಂಕಿನದ್ದು ಅಂದುಕೊಂಡೇ ಮುಟ್ಟಬೇಕು. ಕೆಮ್ಮುವ ರೋಗಿಗೆ ಮೊದಲು ಮಾಸ್ಕ್ ಕೊಡು. ಟಿಬಿ ಅನುಮಾನ ಇದ್ದರೆ ನೀನು ಎನ್95 ಹಾಕಿಕೋ, ಕಿಟಕಿ ತೆಗೆದಿಡು. ಸೀನಿಯರ್‌ಗಳನ್ನು ತಿದ್ದಲು ನಿನಗೆ ಈಗ ಆಗದೇ ಇರಬಹುದು. ನಿನ್ನ ಗ್ಲೌಸ್ ಬದಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಆಸ್ಪತ್ರೆ ಫಿನೈಲ್ ವಾಸನೆ ಹೊಡೆದರೆ ಸ್ವಚ್ಛ ಇದೆ ಎಂದೇ ಅರ್ಥ ಅಲ್ವಾ?
— ಓದುಗರು, ವಿಜಯಪುರ

ಅಲ್ಲ. ವಾಸನೆ ನೋಡಬೇಡಿ, ನೀರು ನೋಡಿ. ನೆಲ ಒರೆಸುವ ಬಕೆಟ್ಟಿನ ನೀರು ಕಪ್ಪಗಿದ್ದರೆ ಕೊಳೆಯನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಹಚ್ಚುತ್ತಿದ್ದಾರೆ ಅಷ್ಟೇ. ಕಕ್ಕಸಿನ ಕೋಲನ್ನೇ ವಾರ್ಡಿಗೂ ತಂದರೆ ಯಾವ ಫಿನೈಲೂ ಕಾಪಾಡದು. ಒಣ ಪೊರಕೆ ವಾರ್ಡಿನಲ್ಲಿ ಬೇಡವೇ ಬೇಡ, ಧೂಳೆದ್ದು ಗಾಯದ ಮೇಲೆ ಕೂರುತ್ತದೆ.

ನೀರಿನ ವಿಷಯ ಬಂದಾಗ ನನಗೆ ಒಂದು ನೆನಪು ತಡೆಯಲಾಗದು. ಹಿಂದೆ ನಾನಿದ್ದ ಒಂದು ಆಸ್ಪತ್ರೆಯ ಹಸುಗೂಸುಗಳ ಕೋಣೆಯಲ್ಲಿ ಹತ್ತು ದಿನದೊಳಗೆ ಮೂರು ಕೂಸುಗಳಿಗೆ ನಂಜಾಯಿತು. ಕೋಣೆ ಫಳಫಳ ಹೊಳೆಯುತ್ತಿತ್ತು. ಎಲ್ಲ ಕಡೆ ಸ್ವಾಬ್ ತೆಗೆದರು. ಕೊನೆಗೆ ಸಿಕ್ಕಿದ್ದು ಆಕ್ಸಿಜನ್ ತೇವ ಮಾಡುವ ಬಾಟಲಿಯ ನೀರಿನಲ್ಲಿ. ಸ್ಯೂಡೋಮೊನಾಸ್ ಎಂಬ ಕ್ರಿಮಿ. ದಿನವೂ ನೀರು ಚೆಲ್ಲಿ, ಬಾಟಲಿ ತೊಳೆದು, ಒಣಗಿಸಿ, ಕ್ರಿಮಿರಹಿತ ನೀರು ತುಂಬಬೇಕು. ನಾವು ಕಡಿಮೆಯಾದಷ್ಟು ನಲ್ಲಿ ನೀರು ಸೇರಿಸುತ್ತಿದ್ದೆವು. ಹಾಗೆ ಸೇರಿಸಿದ ಕೈಗಳಲ್ಲಿ ನನ್ನದೂ ಒಂದು. ಎರಡು ಕೂಸು ಉಳಿದವು. ಒಂದು ಉಳಿಯಲಿಲ್ಲ. ಆ ತಾಯಿ ಹೊರಗೆ ಬೆಂಚಿನ ಮೇಲೆ ಹಾಲು ಹಿಂಡಿಕೊಂಡು ಬಟ್ಟಲು ಹಿಡಿದು ಕೂತಿದ್ದರು. ನಾನು ಸೋಂಕು ನಿಯಂತ್ರಣದ ತರಬೇತಿಗೆ ಅರ್ಜಿ ಹಾಕಿದ್ದು ಅದೇ ತಿಂಗಳು.

ಮಗಳಿಗೆ ಹೆರಿಗೆಯಾಗಿದೆ. ಬೀಗರ ಕಡೆಯಿಂದ ವ್ಯಾನ್ ಮಾಡಿಕೊಂಡು 18 ಜನ ಮಗು ನೋಡಲು ಬರುತ್ತಾರಂತೆ. ಬೇಡ ಎಂದರೆ ಬೇಜಾರಾಗುತ್ತದೆ. ಏನು ಮಾಡಲಿ?
— ಓದುಗರು, ಮಂಡ್ಯ

ಆಸ್ಪತ್ರೆಗೆ ಬೇಡ, ತೊಟ್ಟಿಲ ಶಾಸ್ತ್ರಕ್ಕೆ ಬನ್ನಿ ಎಂದು ಪ್ರೀತಿಯಿಂದ ಹೇಳಿ. ‘ಡಾಕ್ಟರ್ ಬಿಡುವುದಿಲ್ಲ’ ಎಂದು ತಪ್ಪನ್ನು ನಮ್ಮ ಮೇಲೆ ಹಾಕಿ, ಪರವಾಗಿಲ್ಲ. ಬಂದೇ ಬಂದರೆ ಇಬ್ಬಿಬ್ಬರು ಒಳಗೆ ಹೋಗಲಿ. ಕೈ ತೊಳೆಯಲಿ. ಬಾಣಂತಿಯ ಮಂಚದ ಮೇಲೆ ಕೂರುವುದು ಬೇಡ. ಮಗುವಿಗೆ ಮುತ್ತು ಬೇಡ. ನೆಗಡಿ, ಕೆಮ್ಮು, ಭೇದಿ ಇರುವವರು ವ್ಯಾನ್ ಹತ್ತುವುದೇ ಬೇಡ. ಮನೆಯಲ್ಲಿ ಯಾರಿಗಾದರೂ ಅಮ್ಮ ಎದ್ದಿದ್ದರೆ ಆ ಮನೆಯ ಮಕ್ಕಳನ್ನು ಕರೆತರಲೇಬಾರದು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ. ಹೊಕ್ಕುಳಿಗೆ ಎಣ್ಣೆ, ಬೂದಿ, ಅರಿಶಿನ ಏನೂ ಬೇಡ, ಒಣಗಿರಲಿ. ಹಿರಿಯರಿಗೆ ಕಪ್ಪು ಬೊಟ್ಟು ಇಡುವ ಆಸೆಯಿದ್ದರೆ ಮಗುವಿನ ಅಂಗಾಲಿಗೆ ಇಡಲಿ, ಕಣ್ಣಿಗೆ ಕಾಡಿಗೆ ಹಚ್ಚುವುದು ಬೇಡ.

ಪಾರ್ಶ್ವವಾಯು ಆಗಿ ಮಲಗಿರುವ ಮಾವನವರಿಗೆ ಮೂತ್ರದ ಪೈಪು ಹಾಕಿ ಮನೆಗೆ ಕಳಿಸಿದ್ದಾರೆ. ಪದೇ ಪದೇ ಜ್ವರ ಬರುತ್ತಿದೆ.
— ಓದುಗರು, ಚಾಮರಾಜನಗರ

ಮೊದಲು ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ: ಈ ಪೈಪು ಇನ್ನೂ ಬೇಕಾ? ಎಷ್ಟೋ ಸಲ ಹಾಕಿದವರು ಮರೆತಿರುತ್ತಾರೆ, ಅದು ಸುಮ್ನೆ ಉಳಿದಿರುತ್ತದೆ. ಪೈಪು ಒಳಗಿದ್ದಷ್ಟು ದಿನವೂ ಸೋಂಕಿನ ಅಪಾಯ ಏರುತ್ತಲೇ ಹೋಗುತ್ತದೆ. ಬೇಕೇ ಬೇಕು ಎಂದರೆ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲ ಮುಟ್ಟದಿರಲಿ. ಮಗ್ಗುಲು ಬದಲಿಸುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡುವುದನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಆಗ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಪೈಪು ಮತ್ತು ಚೀಲ ಸೇರುವ ಜಾಗ ಬಿಚ್ಚಬೇಡಿ, ಕೆಳಗಿನ ಬಿರಡೆಯಿಂದಲೇ ಖಾಲಿ ಮಾಡಿ. ಮುಂಚೆ ಕೈ ತೊಳೆಯಿರಿ, ಆಮೇಲೂ ತೊಳೆಯಿರಿ. ದಿನಕ್ಕೊಮ್ಮೆ ಪೈಪಿನ ಬುಡ ಸೋಪು ನೀರಿನಿಂದ ತೊಳೆದರೆ ಸಾಕು. ಮೂತ್ರ ಮಬ್ಬಾಗಿ ಕಂಡಿತು ಎಂದು ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡಬೇಡಿ. ಆದರೆ ಚಳಿಜ್ವರ, ಮಂಪರು ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾನು 7ನೇ ತರಗತಿ. ನಮ್ಮ ಅಜ್ಜಿ ಐಸಿಯುನಲ್ಲಿ ಇದ್ದಾರೆ. ಮಕ್ಕಳನ್ನು ಬಿಡುವುದಿಲ್ಲ ಅಂತಾರೆ. ನನ್ನಿಂದ ಅಜ್ಜಿಗೆ ಸೋಂಕು ಬರುತ್ತದಾ? ನಾನು ದಿನಾ ಸ್ನಾನ ಮಾಡುತ್ತೇನೆ.
— ಚಿತ್ರದುರ್ಗ

ಪುಟ್ಟೀ, ನೀನು ಕೊಳಕು ಎಂದು ಯಾರೂ ಹೇಳಿದ್ದಲ್ಲ. ಶಾಲೆಯಲ್ಲಿ ಎಲ್ಲರ ಜೊತೆ ಆಡುತ್ತೀಯಲ್ಲ, ಅಲ್ಲಿಂದ ಸಣ್ಣ ನೆಗಡಿ ಬಂದಿದ್ದರೂ ನಿನಗೆ ಗೊತ್ತಾಗದು. ಅಜ್ಜಿಗೆ ಈಗ ಅದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಒಂದು ಕೆಲಸ ಮಾಡು. ಅಪ್ಪನ ಫೋನಿನಲ್ಲಿ ನಿನ್ನ ಮಾತು ರೆಕಾರ್ಡ್ ಮಾಡಿ ಕಳಿಸು. ಅಲ್ಲಿನ ಸಿಸ್ಟರ್‌ಗೆ ಹೇಳಿ ಅಜ್ಜಿಯ ಕಿವಿಯ ಹತ್ತಿರ ಹಿಡಿಯಲು ಅಪ್ಪನಿಗೆ ಹೇಳು. ಕಣ್ಣು ಮುಚ್ಚಿದ್ದರೂ ಎಷ್ಟೋ ಜನರಿಗೆ ಕೇಳಿಸುತ್ತದೆ. ಫೋನನ್ನು ಮೊದಲು ಸ್ಯಾನಿಟೈಸರ್ ಬಟ್ಟೆಯಿಂದ ಒರೆಸಲಿ. ವಾರ್ಡಿಗೆ ಬದಲಾಯಿಸಿದ ದಿನ ನಿನ್ನನ್ನು ಬಿಡಬಹುದಾ ಎಂದು ಕೇಳಿಸು. ಬಿಟ್ಟರೆ, ಬಾಗಿಲ ಹತ್ತಿರದ ಸಿಂಕಿನಲ್ಲಿ ಬೆರಳ ಸಂದಿ, ಹೆಬ್ಬೆರಳು, ಉಗುರು ಎಲ್ಲ ಬಿಡದೆ ಒಂದು ನಿಮಿಷ ಕೈ ತೊಳೆದುಕೊಂಡು ಹೋಗಿ ಅಜ್ಜಿಯ ಕೈ ಹಿಡಿದುಕೋ. ಆಮೇಲೆ ಇಲ್ಲಿಗೆ ಒಂದು ಕಾಗದ ಹಾಕು, ಅಜ್ಜಿ ಏನಂದರು ಎಂದು.